ಅಪ್ಪ ಗೋಳಗುಮ್ಮಟ ಹತ್ತಿದ ದಿನ

ಕಾಲೇಜಿನ ಅರ್ಜಿಗಳಲ್ಲಿ ‘ತಂದೆಯ ಉದ್ಯೋಗ’ ಎಂಬ ಸಾಲಿನ ಮುಂದೆ ಮೂರು ವರ್ಷದಿಂದ ನಾನು ‘ಕಂಟ್ರಾಕ್ಟರ್’ ಎಂದು ಬರೆಯುತ್ತ ಬಂದಿದ್ದೆ. ಅಪ್ಪ ಕಂಟ್ರಾಕ್ಟರ್ ಅಲ್ಲ, ಗೌಂಡಿ. ಹಳಿಯಾಳ, ದಾಂಡೇಲಿ, ಜೋಯಿಡಾ ಸುತ್ತಮುತ್ತ ಯಾರ ಮನೆ ಕಟ್ಟುತ್ತಿದ್ದರೂ ದಿನದ ಪಗಾರಕ್ಕೆ ಹೋಗುವವರು. ಸುಳ್ಳು ಬರೆಯುತ್ತಿದ್ದೇನೆ ಎಂಬುದು ನನಗೆ ಗೊತ್ತಿತ್ತು. ಆದರೆ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗನ ಅಪ್ಪ ಗೌಂಡಿ ಎಂದರೆ ಗೆಳೆಯರು ನಗುತ್ತಾರೆ ಎಂಬ ಹೆದರಿಕೆ. ಅದೇ ಅಪ್ಪನ ಜೊತೆ ಗೋಳಗುಮ್ಮಟ ಹತ್ತಿದ ಒಂದು ಬೆಳಗಿನ ಬಗ್ಗೆ ಇಲ್ಲಿ ಹೇಳಬೇಕಿದೆ.

ನಮ್ಮ ಮೂಲ ಊರು ಸಿಂದಗಿ ಕಡೆಯದು. 72ರ ಬರದಲ್ಲಿ ಹೊಲ ಒಣಗಿ, ಊರಲ್ಲಿ ಕೂಲಿಯೂ ಸಿಗದಾದಾಗ ಅಜ್ಜ ಕೆಲಸ ಹುಡುಕಿಕೊಂಡು ಕಾಳಿ ನದಿಯ ಕಡೆಗೆ ಬಂದರು. ಮುಂದೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ಕೆಲಸ ಶುರುವಾಯಿತು. 101 ಮೀಟರ್ ಎತ್ತರದ ಆ ಕಾಂಕ್ರೀಟ್ ಗೋಡೆ ಏಳುತ್ತಿದ್ದ ಕಾಲದಲ್ಲಿ ಅಜ್ಜ ಅಲ್ಲಿಯ ಸಾವಿರಾರು ಕೆಲಸಗಾರರಲ್ಲಿ ಒಬ್ಬರು. ಅಪ್ಪ ಹುಟ್ಟಿದ್ದು ಅಲ್ಲಿಯ ತಗಡಿನ ಶೆಡ್ಡಿನಲ್ಲಿ. ಕೆಲಸ ಮುಗಿದ ಮೇಲೆ ಅಜ್ಜ ಊರಿಗೆ ಮರಳಲಿಲ್ಲ. ಆದರೆ ಮಳೆಗಾಲದ ರಾತ್ರಿಗಳಲ್ಲಿ ಅವರು ಹೇಳುತ್ತಿದ್ದ ಮಾತು ಒಂದೇ: ‘ನಮ್ಮ ಗೋಲಗುಂಬಜ್ ಮುಂದ ಈ ಡ್ಯಾಮು ಏನೂ ಅಲ್ಲ. ಅಲ್ಲಿ ಒಂದು ಕಂಬಾನೂ ಇಲ್ಲ.’ ವಿಚಿತ್ರವೆಂದರೆ ಅಜ್ಜ ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಸಂತೆಗೆ, ಕೋರ್ಟಿಗೆ ಬಂದಾಗ ದೂರದಿಂದ ಕಂಡಿದ್ದಷ್ಟೇ. ಅಪ್ಪನೂ ಅಷ್ಟೇ. ಮದುವೆ, ಮಣ್ಣಿಗೆಂದು ಊರಿಗೆ ಹೋದಾಗಲೆಲ್ಲ ವಿಜಯಪುರದಲ್ಲಿ ಬಸ್ ಬದಲಿಸಿದ್ದರು, ಕಿಟಕಿಯಿಂದ ಗುಮ್ಮಟ ನೋಡಿದ್ದರು, ಮುಂದಿನ ಬಸ್ ಹಿಡಿದಿದ್ದರು.

ಈ ಸಲವೂ ಹೋದದ್ದು ಸಂಬಂಧಿಕರ ಮದುವೆಗೆ. ನನ್ನ ತಲೆಯಲ್ಲಿ ಮಾತ್ರ ಬೇರೆಯದೇ ಗೊಂದಲ. ಐದನೇ ಸೆಮಿಸ್ಟರಿನಲ್ಲಿ ಸ್ಟ್ರಕ್ಚರಲ್ ಅನಾಲಿಸಿಸ್ ವಿಷಯದಲ್ಲಿ ನಾನು ನಪಾಸಾಗಿದ್ದೆ. ತರಗತಿಯ ಅರ್ಧದಷ್ಟು ಜನ ಆಗಲೇ ಕೋಡಿಂಗ್ ಕಲಿಯಲು ಶುರು ಮಾಡಿದ್ದರು. ‘ಸಿವಿಲ್‌ನಲ್ಲಿ ಏನಿದೆ ಮಾರಾಯ, ಬಿಸಿಲಲ್ಲಿ ನಿಲ್ಲೋದು’ ಎಂಬುದು ಹಾಸ್ಟೆಲಿನ ದಿನನಿತ್ಯದ ಮಾತು. ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು ಆರು ತಿಂಗಳ ಕೋರ್ಸ್ ಮುಗಿಸಿದರೆ ಕೆಲಸ ಖಾತ್ರಿ ಎಂದು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಶುಲ್ಕ ಅಪ್ಪನ ಎಷ್ಟೋ ತಿಂಗಳ ಪಗಾರ. ಮದುವೆಗೆ ಹೊರಡುವ ಹಿಂದಿನ ದಿನ ವಿಷಯ ತಿಳಿಸಿದಾಗ ಅಪ್ಪ ಬೇಡ ಅನ್ನಲಿಲ್ಲ. ‘ಸೋಮವಾರ ಹೇಳ್ತೀನಿ’ ಅಂದರು. ಯಾರ ಬಳಿಯೋ ಸಾಲ ಕೇಳಲು ಅವರಿಗೆ ಎರಡು ದಿನ ಬೇಕಿತ್ತು ಎಂದು ಆಮೇಲೆ ಅವ್ವ ಹೇಳಿದಳು.

ಮದುವೆ ಮುಗಿಸಿ ಭಾನುವಾರ ನಸುಕಿನಲ್ಲೇ ಸಿಂದಗಿಯಿಂದ ಹೊರಟು ವಿಜಯಪುರಕ್ಕೆ ಬಂದೆವು. ಹುಬ್ಬಳ್ಳಿಗೆ ಮಧ್ಯಾಹ್ನ ಹೊರಟರೂ ನಡೆಯುತ್ತಿತ್ತು. ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ ‘ಅಪ್ಪಾ, ಈ ಸಲನಾದರೂ ಗೋಲಗುಂಬಜ್ ನೋಡಿ ಹೋಗೂಣೇನು?’ ಎಂದೆ. ಮೊಣಕಾಲು ಮುಟ್ಟಿ ನೋಡಿಕೊಂಡ ಅಪ್ಪ, ‘ಮ್ಯಾಲ ಹತ್ತೂದಾದ್ರ ಹೋಗೂಣು. ಕೆಳಗಿಂದ ನೋಡಾಕ ನಾ ಬರೂದಿಲ್ಲ’ ಅಂದರು.

ದ್ವಾರದ ಒಳಗೆ ಹೋದರೆ ಮೊದಲು ಎದುರಾಗುವುದು ನಕ್ಕರ್ ಖಾನೆ. ಈಗ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ. ಅದರ ಹಿಂದೆ ನಿಂತಿರುವುದು 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹನ ಸಮಾಧಿ, ಅಂದರೆ ಗೋಳಗುಮ್ಮಟ. ಹೊರಗಿನಿಂದ ನೋಡಿದರೆ ಒಂದು ದೊಡ್ಡ ಚೌಕ ಪೆಟ್ಟಿಗೆ, ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು, ನಡುವೆ ಕಮಲದ ಎಸಳುಗಳ ಮೇಲೆ ಕೂತಂಥ ಗುಮ್ಮಟ. ಒಟ್ಟು ಎತ್ತರ ಸುಮಾರು 51 ಮೀಟರ್. ಇದನ್ನು ವಿನ್ಯಾಸ ಮಾಡಿದವನು ದಾಬೂಲದ ಯಾಕೂತ್ ಎಂದು ಹೇಳುತ್ತಾರೆ.

ಒಳಗೆ ಕಾಲಿಟ್ಟಾಗ ಅಪ್ಪ ಚಪ್ಪಾಳೆ ತಟ್ಟಲಿಲ್ಲ, ಕೂಗಲೂ ಇಲ್ಲ. ಮೂಲೆಯಿಂದ ಮೂಲೆಗೆ ಹೆಜ್ಜೆ ಹಾಕಿ ಅಳೆಯತೊಡಗಿದರು. ಹೆಜ್ಜೆ ಎಣಿಸಿ ‘ನೂರಾ ಮೂವತ್ತು ಫೂಟಿನ ಮ್ಯಾಲ ಐತಿ’ ಅಂದರು. ನಾನು ಮೊಬೈಲಿನಲ್ಲಿ ನೋಡಿದೆ. ಒಳಗಿನ ಒಂದು ಬದಿ 135 ಅಡಿ, ಅಂದರೆ ಸುಮಾರು 41 ಮೀಟರ್. ಕೋಣೆಯ ವಿಸ್ತೀರ್ಣ ಸುಮಾರು 1,700 ಚದರ ಮೀಟರ್. ರೋಮಿನ ಪ್ರಸಿದ್ಧ ಪ್ಯಾಂಥಿಯನ್ ಒಳಗಿನ ನೆಲಕ್ಕಿಂತಲೂ ಹೆಚ್ಚು. ಇಷ್ಟು ಜಾಗದಲ್ಲಿ ಒಂದೂ ಕಂಬವಿಲ್ಲ. ಅಜ್ಜ ಹೇಳಿದ್ದು ಸರಿ.

ಮೇಲಕ್ಕೆ ಹೋಗುವ ಮೆಟ್ಟಿಲು ಮೂಲೆಯ ಗೋಪುರದೊಳಗೆ ಸುತ್ತಿಕೊಂಡು ಏರುತ್ತದೆ. ಕಿರಿದು, ಕಡಿದು. ಇಳಿಯುವವರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಪ್ರತಿ ಅಂತಸ್ತಿನಲ್ಲೂ ಕಮಾನಿನ ಕಿಟಕಿಗಳಿವೆ, ಗಾಳಿ ಬರುತ್ತದೆ. ಅಪ್ಪ ಪ್ರತಿ ಅಂತಸ್ತಿಗೂ ಕೂತರು. ಕೂತಾಗಲೆಲ್ಲ ಅವರ ಕೈ ಗೋಡೆಯ ಮೇಲೆ ಓಡಾಡುತ್ತಿತ್ತು. ಗಚ್ಚು ಎಲ್ಲಿ ಹಳೆಯದು, ಎಲ್ಲಿ ಈಚೆಗೆ ತೇಪೆ ಹಾಕಿದ್ದು ಎಂದು ಮುಟ್ಟಿಯೇ ಹೇಳುತ್ತಿದ್ದರು. ‘ಸುಣ್ಣ, ಉಸುಕು ಕೂಡಿಸಿ ಗಾಣದಾಗ ಅರೀತಿದ್ರು. ನಮ್ಮಪ್ಪ ಹೇಳ್ತಿದ್ದ. ಸಿಮಿಟಿನಂಗ ಒಮ್ಮಿಗೇ ಗಟ್ಟಿ ಆಗೂದಿಲ್ಲ ಅದು. ವರ್ಷಾನುಗಟ್ಟಲೆ ನಿಧಾನಕ್ಕ ಆಕ್ಕೈತಿ.’ ಇದನ್ನೇ ನಮ್ಮ ಕಟ್ಟಡ ಸಾಮಗ್ರಿಗಳ ಪಾಠದಲ್ಲಿ, ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ ಎಂದು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ. ಗೋಡೆ ಮುಟ್ಟಿ ಅದನ್ನು ಕಲಿತಿರಲಿಲ್ಲ.

ಒಂದು ಅಂತಸ್ತಿನಲ್ಲಿ ಗೋಡೆಯ ತುಂಬ ಹೆಸರುಗಳು. ಬಾಣ ಬಿಟ್ಟ ಹೃದಯಗಳು, ಊರು, ಇಸವಿ. ಯಾರೋ ಮೊಳೆಯಿಂದ ಕೆತ್ತಿದ್ದರು. ಅಪ್ಪ ಅಷ್ಟು ಹೊತ್ತಿನಲ್ಲಿ ಬೈದದ್ದು ಅಲ್ಲೊಂದೇ ಕಡೆ. ‘ಕಟ್ಟಿದವನೇ ತನ್ನ ಹೆಸರು ಬರೆದಿಲ್ಲ. ಇವರದೇನು?’

ಏಳು ಅಂತಸ್ತು ಮುಗಿದ ಮೇಲೆ ತಾರಸಿಗೆ ಬಂದೆವು. ಊರೆಲ್ಲ ಕಾಲ ಕೆಳಗೆ. ಬಿಸಿಲು ಇನ್ನೂ ಏರಿರಲಿಲ್ಲ. ಊರ ನಡುವಿನ ಬಾರಾ ಕಮಾನಿನ ಕಥೆ ಹೇಳಿದೆ. ಮೊಹಮ್ಮದನ ಮಗ ಎರಡನೇ ಅಲಿ ಆದಿಲ್ ಶಾಹ ತನಗಾಗಿ ಶುರು ಮಾಡಿಸಿದ ಸಮಾಧಿ ಅದು. ಪೂರ್ತಿಯಾಗಲೇ ಇಲ್ಲ, ಇಂದಿಗೂ ಬರಿಯ ಕಮಾನುಗಳು ನಿಂತಿವೆ. ಅಪ್ಪ ನಕ್ಕರು. ‘ಪಗಾರ ಬಾಕಿ ಇಟ್ಟಿರಬೇಕು.’

ತಾರಸಿಯಿಂದ ಸಣ್ಣ ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಹೋದರೆ ಅದೇ ಪಿಸುಗುಟ್ಟುವ ಮೊಗಸಾಲೆ. ನೆಲದಿಂದ ಸುಮಾರು 33 ಮೀಟರ್ ಮೇಲೆ, ಗುಮ್ಮಟದ ಒಳಸುತ್ತಿನಲ್ಲಿ ಮೂರು ಮೀಟರಿಗಿಂತ ಹೆಚ್ಚು ಅಗಲದ ಓಣಿ. ಕಟಕಟೆಯಿಂದ ಕೆಳಗೆ ನೋಡಿದೆ. ಸಮಾಧಿಯ ಮೇಲಿನ ಮರದ ಮಂಟಪ ಆಟಿಕೆಯಷ್ಟು ಕಾಣಿಸಿತು. ನನ್ನ ಕಾಲು ನಡುಗಿತು. ಮೂರನೇ ಮಹಡಿಯ ಸಾರ್ವೆಯ ಮೇಲೆ ನಿಂತು ಇಪ್ಪತ್ತು ವರ್ಷ ಪ್ಲಾಸ್ಟರ್ ಮಾಡಿದ ಅಪ್ಪ ಸುಮ್ಮನೆ ಬಗ್ಗಿ ನೋಡುತ್ತಿದ್ದರು.

‘ಕೆಳಗ ಇಷ್ಟು ದೊಡ್ಡ ಚೌಕ. ಮ್ಯಾಲ ದುಂಡ. ಚೌಕದ ಮ್ಯಾಲ ದುಂಡ ಹೆಂಗ ಕುಂದ್ರಿಸಿದ್ರೋ ತಮ್ಮಾ?’ ಎಂದು ಕೇಳಿದರು. ಅಪ್ಪ ನನ್ನನ್ನು ಎಂಜಿನಿಯರಿಂಗ್ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಬ್ಯಾಗಿನಲ್ಲಿದ್ದ ನೋಟ್‌ಬುಕ್ ತೆಗೆದು ಒಂದು ಚೌಕ ಬರೆದೆ. ಅದರ ಮೇಲೆ 45 ಡಿಗ್ರಿ ತಿರುಗಿಸಿ ಇನ್ನೊಂದು ಚೌಕ ಬರೆದೆ. ಎಂಟು ಮೂಲೆಯ ನಕ್ಷತ್ರವಾಯಿತು. ಈ ಎರಡು ಚೌಕಗಳ ಎಂಟು ಬದಿಗಳೇ ಎಂಟು ದೊಡ್ಡ ಕಮಾನುಗಳು. ಅವು ಒಂದನ್ನೊಂದು ದಾಟುತ್ತ ಮೇಲೇರುತ್ತ ಒಳಕ್ಕೆ ಬಾಗುತ್ತವೆ. ಹಾಗಾಗಿ 41 ಮೀಟರಿನ ಚೌಕ ಮೇಲೆ ಬರುವ ಹೊತ್ತಿಗೆ ಸುಮಾರು 30 ಮೀಟರ್ ವ್ಯಾಸದ ದುಂಡು ಬಾಯಿಯಾಗುತ್ತದೆ. ಒಳವ್ಯಾಸ ಸುಮಾರು 38 ಮೀಟರ್ ಇರುವ ಗುಮ್ಮಟ ಆ ಬಾಯಿಯ ಅಂಚಿನಿಂದ ಹಿಂದೆ ಸರಿದು ಕೂತಿದೆ. ನಡುವೆ ಉಳಿದ ಜಾಗವೇ ನಾವು ನಿಂತ ಮೊಗಸಾಲೆ.

ಅಪ್ಪ ನಕ್ಷೆ ನೋಡಿದರು, ಕೆಳಗೆ ಬಗ್ಗಿ ಕಮಾನು ನೋಡಿದರು, ಮತ್ತೆ ನಕ್ಷೆ ನೋಡಿದರು. ‘ಗುಂಬಜ್ ಹೊರಗ ತುಳಿತೈತಿ. ಕಮಾನಿನ ಭಾರ ಒಳಗ ಜಗ್ಗತೈತಿ. ಅದಕ್ಕ ಎರಡೂ ಒಂದಕ್ಕೊಂದು ಹಿಡಕೊಂಡು ನಿಂತಾವ. ಹೌದಿಲ್ಲೋ?’

ನನಗೆ ಮಾತೇ ಹೊರಡಲಿಲ್ಲ. ನಾನು ನಪಾಸಾದ ವಿಷಯದಲ್ಲಿ ಕಮಾನಿನ ಅಡ್ಡ ಒತ್ತಡವನ್ನು ‘ಎಚ್’ ಎಂಬ ಒಂದು ಅಕ್ಷರದಿಂದ ಗುರುತಿಸುತ್ತಾರೆ. ಸೂತ್ರ ಗೊತ್ತಿತ್ತು. ಎಲ್ಲಿಂದ ಬಂತು ಅನ್ನುವುದು ತಲೆಗೆ ಹೋಗಿರಲಿಲ್ಲ. ಅರ್ಧಗೋಳದ ಗುಮ್ಮಟದಲ್ಲಿ ಮೇಲಿನ ಭಾಗದ ಉಂಗುರಗಳು ಒಳಕ್ಕೆ ಒತ್ತಿಕೊಂಡು ಬಿಗಿಯಾಗುತ್ತವೆ, ಕೆಳಭಾಗದ ಉಂಗುರಗಳು ಹಿಗ್ಗಿ ಸೀಳಲು ನೋಡುತ್ತವೆ. ಇಟ್ಟಿಗೆ, ಕಲ್ಲು ಒತ್ತಡ ತಾಳುತ್ತವೆ, ಎಳೆತ ತಾಳುವುದಿಲ್ಲ. ರೋಮಿನ ಸೇಂಟ್ ಪೀಟರ್ಸ್ ಗುಮ್ಮಟದಲ್ಲಿ ಇದೇ ಕಾರಣಕ್ಕೆ ಬಿರುಕು ಬಿಟ್ಟು, 1740ರ ದಶಕದಲ್ಲಿ ಸುತ್ತಲೂ ಕಬ್ಬಿಣದ ಪಟ್ಟಿಗಳನ್ನು ಬಿಗಿಯಬೇಕಾಯಿತು. ವಿಜಯಪುರದವರು ಗುಮ್ಮಟದ ಬುಡವನ್ನು ಸುಮಾರು ಮೂರು ಮೀಟರ್ ದಪ್ಪ ಮಾಡಿದರು. ಒಳಕ್ಕೆ ಚಾಚಿದ ಕಮಾನುಗಳ ತೂಕವನ್ನು ಹೊರಗಿನ ಒತ್ತಡಕ್ಕೆ ಎದುರಾಗಿ ನಿಲ್ಲಿಸಿದರು. ನಮ್ಮ ಪುಸ್ತಕದಲ್ಲಿ ಈ ಉದಾಹರಣೆ ಇದ್ದಿದ್ದರೆ ನಾನು ಪಾಸಾಗುತ್ತಿದ್ದೆನೋ ಏನೋ.

‘ಇಷ್ಟು ಅಗಲಕ್ಕ ಸೆಂಟ್ರಿಂಗ್ ಎಲ್ಲಿಂದ ತಂದ್ರು?’ ಎಂಬುದು ಅಪ್ಪನ ಮುಂದಿನ ಪ್ರಶ್ನೆ. ಗುಮ್ಮಟದ ಇಟ್ಟಿಗೆಗಳನ್ನು ದಪ್ಪ ಗಚ್ಚಿನಲ್ಲಿ ಅಡ್ಡಡ್ಡ ಸುತ್ತುಗಳಾಗಿ ಇಟ್ಟಿದ್ದಾರೆ. ಒಂದು ಸುತ್ತು ಪೂರ್ತಿಯಾದರೆ ಅದು ತನ್ನಷ್ಟಕ್ಕೆ ನಿಲ್ಲುತ್ತದೆ, ಅದರ ಮೇಲೆ ಮುಂದಿನ ಸುತ್ತು. ಇಟಲಿಯ ಫ್ಲಾರೆನ್ಸಿನ ಕೆಥೆಡ್ರಲ್ ಗುಮ್ಮಟವನ್ನೂ ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ ನೆಲದಿಂದ ಸೆಂಟ್ರಿಂಗ್ ಕೊಡದೆಯೇ ಕಟ್ಟಿಸಿದ್ದ. ಇದನ್ನು ಹೇಳಿದಾಗ ಅಪ್ಪ, ‘ಬಾವಿ ಕಟ್ಟಿದಂಗ. ಸುತ್ತು ಕೂಡಿತಂದ್ರ ಬೀಳೂದಿಲ್ಲ’ ಎಂದು ತಲೆ ಹಾಕಿದರು.

ಹೋದ ವರ್ಷ ಗೆಳೆಯರ ಜೊತೆ ಹಳೆ ಗೋವಾಕ್ಕೆ ಹೋಗಿದ್ದೆ. ಜೋಯಿಡಾ ದಾಟಿ ಘಟ್ಟ ಇಳಿದರೆ ನಮಗದು ದೂರವೇನಲ್ಲ. ಅಲ್ಲಿಯ ಸೇ ಕೆಥೆಡ್ರಲ್ ನೋಡಿ, ಪಕ್ಕದ ಸೇಂಟ್ ಕಜೆಟನ್ ಚರ್ಚಿನೊಳಗೆ ನಿಂತು ಗುಮ್ಮಟಕ್ಕೆ ಮೊಬೈಲ್ ಎತ್ತಿ ಫೋಟೊ ತೆಗೆದಿದ್ದೆವು. ಅದು ರೋಮಿನ ಸೇಂಟ್ ಪೀಟರ್ಸ್ ಮಾದರಿಯಲ್ಲಿ 1661ರಲ್ಲಿ ಮುಗಿದ ಚರ್ಚು. ಹತ್ತಿರದಲ್ಲೇ ಆದಿಲ್ ಶಾಹನ ಹಳೆಯ ಅರಮನೆಯ ಒಂದು ಬಾಗಿಲು ಮಾತ್ರ ಉಳಿದು ನಿಂತಿದೆ. 1510ರಲ್ಲಿ ಪೋರ್ಚುಗೀಸರು ಗೋವಾ ಕಿತ್ತುಕೊಂಡದ್ದು ಇದೇ ಆದಿಲ್ ಶಾಹಿಗಳಿಂದ. ಗೋವಾದಲ್ಲೊಂದು, ವಿಜಯಪುರದಲ್ಲೊಂದು, ಎರಡು ಗುಮ್ಮಟಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎದ್ದವು ಎಂಬುದು ಅಂದು ನನಗೆ ಹೊಳೆದಿರಲಿಲ್ಲ. ಎರಡನ್ನೂ ಕಟ್ಟಿದ ಕೈಗಳು ಅಪ್ಪನಂಥವರವು ಎಂಬುದೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಶಾಲಾ ಮಕ್ಕಳ ದಂಡು ಬಂತು. ಕೂಗು, ಸಿಳ್ಳೆ, ಚಪ್ಪಾಳೆ. ಒಂದು ಕೂಗು ಏಳೆಂಟು ಸಲ ತಿರುಗಿ ಬಂದು ಕಿವಿ ಗುಂಯ್‌ಗುಟ್ಟಿತು. ಲೆಕ್ಕ ಸರಳ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 38 ಮೀಟರ್ ಆಚೆಯ ಗೋಡೆಗೆ ಬಡಿದು ಮರಳಲು ಸುಮಾರು 0.22 ಸೆಕೆಂಡು. ಹತ್ತನೇ ಒಂದು ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ನಮ್ಮ ಕಿವಿಗೆ ಅದು ಪ್ರತ್ಯೇಕ ಪ್ರತಿಧ್ವನಿಯಾಗಿ ಕೇಳಿಸುತ್ತದೆ. ಪಿಸುಮಾತಿನ ಗುಟ್ಟು ಮಾತ್ರ ಬೇರೆ. ಅದು ನಡುವೆ ಹಾರಿ ಬರುವುದಿಲ್ಲ, ಬಾಗಿದ ಗೋಡೆಗೆ ಅಂಟಿಕೊಂಡೇ ಸುತ್ತು ಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ 257 ಮೆಟ್ಟಿಲು ಹತ್ತಿದರೆ ಇಂಥದ್ದೇ ಮೊಗಸಾಲೆ ಸಿಗುತ್ತದೆ. ಅಲ್ಲಿಯ ಪಿಸುಮಾತಿಗೆ ಲಾರ್ಡ್ ರೇಲಿ ಕಾರಣ ಹುಡುಕಿದರು. ನಮ್ಮ ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿಗೆ ಹೋದಾಗ ಅಲ್ಲಿ ಪ್ರಯೋಗ ಮಾಡಿದರು, ಗೋಳಗುಮ್ಮಟವನ್ನೂ ತಮ್ಮ ಅಧ್ಯಯನಕ್ಕೆ ಸೇರಿಸಿಕೊಂಡರು. ಸೇಂಟ್ ಪಾಲ್ ಮುಗಿದದ್ದು 1710ರ ಸುಮಾರಿಗೆ. ನಮ್ಮದು ಅದಕ್ಕಿಂತ ಅರ್ಧ ಶತಮಾನ ಹಳೆಯದು, ಅಗಲದಲ್ಲೂ ದೊಡ್ಡದು.

ಮಕ್ಕಳನ್ನು ಮಾಸ್ತರರು ಹೊರಗೆ ಕರೆದೊಯ್ದರು. ಗುಮ್ಮಟ ನಿಧಾನಕ್ಕೆ ಸುಮ್ಮನಾಯಿತು. ಅಪ್ಪ ನಡೆಯುತ್ತ ನಡೆಯುತ್ತ ಎದುರು ಬದಿಗೆ ಹೋಗಿದ್ದರು. ನಾನು ಕಾಲು ನೋವೆಂದು ಗೋಡೆಗೆ ಒರಗಿ ಕೂತಿದ್ದೆ. ಆಗ ಟಕ್, ಟಕ್ ಎಂಬ ಸದ್ದು ಕಿವಿಯ ಪಕ್ಕದಲ್ಲೇ ಬಂತು. ತಿರುಗಿ ನೋಡಿದರೆ ಯಾರೂ ಇಲ್ಲ. ಆ ಬದಿಯಲ್ಲಿ ಅಪ್ಪ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಗೋಡೆ ಬಡಿದು ನೋಡುತ್ತಿದ್ದರು. ಪ್ಲಾಸ್ಟರ್ ಮಾಡಿದ ಮೇಲೆ ಒಳಗೆ ಪೊಳ್ಳಿದೆಯೇ ಎಂದು ನೋಡಲು ಅವರು ದಿನವೂ ಮಾಡುವ ಕೆಲಸ ಅದು. ಆಮೇಲೆ ಅವರು ತಮ್ಮಷ್ಟಕ್ಕೆ ಆಡಿಕೊಂಡ ಮಾತು ಗೋಡೆ ಹಿಡಿದು ನನ್ನ ಬಳಿಗೆ ಬಂತು.

‘ಪೊಳ್ಳಿಲ್ಲ... ಅಪ್ಪ ನೋಡಬೇಕಾಗಿತ್ತು.’

ಒಂದು ಗಳಿಗೆ ಬಿಟ್ಟು ಇನ್ನೊಂದು ಮಾತು. ‘ಇವನಾದ್ರೂ ಓದಿ ಕಟ್ಟಲಿ.’

ಅಪ್ಪನಿಗೆ ಈ ಮೊಗಸಾಲೆಯ ಗುಣ ಗೊತ್ತಿತ್ತು, ನಾನೇ ಹೇಳಿದ್ದೆ. ಆದರೆ ಆಗ ಅದು ಅವರ ನೆನಪಿನಲ್ಲಿರಲಿಲ್ಲ ಎನ್ನುವುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಕೇಳಿಸಿಕೊಂಡೆ ಎಂದು ಇವತ್ತಿಗೂ ಅವರಿಗೆ ಹೇಳಿಲ್ಲ. ಈ ಲೇಖನ ಓದಿದರೆ ಗೊತ್ತಾಗುತ್ತದೆ.

ಇಳಿಯುವಾಗ ಹೆಚ್ಚು ಮಾತಾಡಲಿಲ್ಲ. ಅಪ್ಪನ ಮೊಣಕಾಲು ನೋಯುತ್ತಿತ್ತು, ನನ್ನ ಹೆಗಲು ಹಿಡಿದು ಇಳಿದರು. ಹುಬ್ಬಳ್ಳಿ ಬಸ್ಸಿನಲ್ಲಿ ಕೂತ ಮೇಲೆ ನಾನೇ ಹೇಳಿದೆ: ‘ಅಪ್ಪಾ, ಆ ಕೋರ್ಸಿಗೆ ರೊಕ್ಕ ಕೇಳಬ್ಯಾಡ. ಬಿಟ್ಟ ಪೇಪರ್ ಮೊದಲು ಪಾಸ್ ಮಾಡ್ತೀನಿ. ರಜಾದಾಗ ನಿನ್ನ ಜೋಡಿ ಸೈಟಿಗೆ ಬರ್ತೀನಿ.’ ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತ, ‘ಬಿಸಿಲಾಗ ನಿಲ್ಲಾಕ ಬರಬೇಕಲ್ಲ ನಿನಗ’ ಎಂದರು. ಬೇಡ ಅನ್ನಲಿಲ್ಲ.

ಕೋಡಿಂಗ್ ಕಲಿಯಲು ಹೋದ ಗೆಳೆಯರು ತಪ್ಪು ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಖುಷಿ ಕಂಡವರಿದ್ದಾರೆ, ಮನೆಯ ಅವಸರಕ್ಕೆ ಹೋದವರೂ ಇದ್ದಾರೆ. ನಾನು ಓಡುತ್ತಿದ್ದದ್ದು ಮಾತ್ರ ಒಂದು ನಪಾಸಿನಿಂದ ಮತ್ತು ‘ಗೌಂಡಿ’ ಎಂಬ ಮೂರಕ್ಷರಕ್ಕೂ ಕಡಿಮೆಯ ಒಂದು ಪದದಿಂದ. ಮುಂದೆ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ ಈಗಲೂ ಇದೆ. ಬಾಕಿಯಿದ್ದ ಪೇಪರ್ ಬರೆದಿದ್ದೇನೆ, ಫಲಿತಾಂಶ ಬರಬೇಕು. ಕಮಾನಿನ ಲೆಕ್ಕ ಈ ಸಲ ಪೂರ್ತಿ ಬಿಡಿಸಿದ್ದೇನೆ.

ನೀವು ಹೋಗುವುದಾದರೆ ಗದ್ದಲ ಶುರುವಾಗುವ ಮೊದಲೇ ಹೋಗಿ. ಮೆಟ್ಟಿಲು ಕಡಿದಾಗಿವೆ, ವಯಸ್ಸಾದವರಿದ್ದರೆ ಪ್ರತಿ ಅಂತಸ್ತಿನಲ್ಲೂ ಕೂರಿಸಿ. ಮೇಲೆ ಹೋದ ತಕ್ಷಣ ಕೂಗಬೇಡಿ. ಐದು ನಿಮಿಷ ಗೋಡೆಗೆ ಒರಗಿ ಸುಮ್ಮನೆ ಕೂತು ನೋಡಿ. ಹೆಸರು ಕೆತ್ತುವ ಆಸೆಯಾದರೆ ನಮ್ಮಪ್ಪನ ಬೈಗುಳ ನೆನಪಿಸಿಕೊಳ್ಳಿ.

ಆರನೇ ಸೆಮಿಸ್ಟರಿನ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ‘ತಂದೆಯ ಉದ್ಯೋಗ’ದ ಮುಂದೆ ‘ಗೌಂಡಿ’ ಎಂದು ಬರೆದೆ. ಯಾರೂ ನಗಲಿಲ್ಲ, ಯಾರೂ ಕೇಳಲೂ ಇಲ್ಲ. ಮೊನ್ನೆ ರಜೆಯಲ್ಲಿ ಮನೆಗೆ ಹೋದಾಗ ಅಪ್ಪನ ಕೆಲಸದ ಚೀಲದಿಂದ ಅಳತೆ ಟೇಪು ತೆಗೆಯಲು ಕೈ ಹಾಕಿದೆ. ಕರಣೆಯ ಕೆಳಗೆ ನನ್ನ ನೋಟ್‌ಬುಕ್ಕಿನ ಹಾಳೆ ನಾಲ್ಕಾಗಿ ಮಡಚಿಟ್ಟಿತ್ತು. ಒಂದರ ಮೇಲೊಂದು ತಿರುಗಿಸಿ ಬರೆದ ಎರಡು ಚೌಕಗಳು. ಅಂಚಿಗೆ ಸಿಮೆಂಟು ಮೆತ್ತಿತ್ತು.